ಹೊಳೆಯ ಯಾವ ದಡದಲ್ಲಿ ರೂಮು?

ಸೂರತ್ ಮಹಾನಗರಪಾಲಿಕೆಯ ಕೇಂದ್ರ ಕಚೇರಿ ಇರುವ ಕಟ್ಟಡಕ್ಕೆ ಮುಗಲ್ ಸರಾಯ್ ಎಂದು ಹೆಸರು. ಷಹಜಹಾನನ ಆಳ್ವಿಕೆಯಲ್ಲಿ, 1644ರಲ್ಲಿ, ಹಜ್ ಯಾತ್ರೆಗೆ ಹೊರಟವರು ಹಡಗು ಹೊರಡುವ ತನಕ ತಂಗಲೆಂದು ಕಟ್ಟಿಸಿದ ಛತ್ರ ಅದು. 1867ರಿಂದ ಅಲ್ಲಿ ಪುರಸಭೆ ಕೂತಿದೆ. ಯಾತ್ರಿಕರು ಚಾಪೆ ಬಿಚ್ಚುತ್ತಿದ್ದ ಅಂಗಳದ ಸುತ್ತ ಈಗ ಕಂದಾಯದ ಕಡತ ಬಿಚ್ಚುತ್ತಾರೆ. ಆ ಕಾಲದ ಪ್ರಯಾಣಿಕನಿಗೆ ಎಲ್ಲಿ ಉಳಿಯಬೇಕು ಎಂಬ ತಲೆಬಿಸಿ ಹೆಚ್ಚೇನೂ ಇರಲಿಲ್ಲ. ಬಂದರಿಗೆ ಹತ್ತಿರ ಒಂದು ಸರಾಯ್, ಅಷ್ಟೆ. ಇಂದು ಅದೇ ಊರಿನ ಹೆಸರು ಹಾಕಿ ಫೋನಿನಲ್ಲಿ ಹುಡುಕಿದರೆ ನೂರಾರು ಲಾಡ್ಜುಗಳು ಸಾಲುಗಟ್ಟುತ್ತವೆ. ಪ್ರತಿಯೊಂದರ ಕೆಳಗೂ ‘ನಗರ ಕೇಂದ್ರದಿಂದ ಇಷ್ಟು ಕಿಲೋಮೀಟರ್’ ಎಂಬ ಲೆಕ್ಕ. ಯಾವ ಕೇಂದ್ರ, ಯಾರ ಕೇಂದ್ರ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಗುಜರಾತಿನ ಮೂರು ದೊಡ್ಡ ಊರುಗಳಾದ ಅಹಮದಾಬಾದ್, ವಡೋದರಾ, ಸೂರತ್‌ಗಳಿಗೆ ಕನ್ನಡಿಗರ ಓಡಾಟ ಕಡಿಮೆಯೇನಲ್ಲ. ಮೈಸೂರು–ಅಜ್ಮೇರ್ ರೈಲು ಹುಬ್ಬಳ್ಳಿ ಕಡೆಯವರನ್ನು ಹೊತ್ತು ಹೋಗುತ್ತದೆ, ಬೆಂಗಳೂರಿನಿಂದ ಗಾಂಧಿಧಾಮ, ಜೋಧಪುರಗಳಿಗೆ ಹೋಗುವ ರೈಲುಗಳಿವೆ, ಕರಾವಳಿಯವರಿಗೆ ಕೊಂಕಣ ರೈಲ್ವೆಯ ಮೇಲೆ ಓಖಾ, ವೆರಾವಳ, ಭಾವನಗರದ ಗಾಡಿಗಳಿವೆ. ಸೀರೆ ಕೊಳ್ಳಲು ಚಿಕ್ಕಪೇಟೆಯ ವ್ಯಾಪಾರಿ, ಮಗಳನ್ನು ವಿನ್ಯಾಸ ಸಂಸ್ಥೆಗೆ ಸೇರಿಸಲು ಬಂದ ಮೇಷ್ಟ್ರು, ಏಕತಾ ಪ್ರತಿಮೆ ನೋಡಲು ಹೊರಟ ನಿವೃತ್ತರ ಗುಂಪು, ಕ್ರಿಕೆಟ್ ಹುಚ್ಚಿನ ಹುಡುಗರು ಎಲ್ಲರೂ ಇಳಿಯುವುದು ಇವೇ ಸ್ಟೇಷನ್‌ಗಳಲ್ಲಿ. ಇವರಿಗೆಲ್ಲ ಒಂದೇ ಬಡಾವಣೆಯನ್ನು ಶಿಫಾರಸು ಮಾಡುವವರ ಮಾತು ಕೇಳಬಾರದು. ಈ ಊರುಗಳಲ್ಲಿ ದೂರವನ್ನು ಅಳೆಯಬೇಕಾದದ್ದು ಗಂಟೆಯಲ್ಲಿ. ಊರಿನ ಯಾವ ಹೊತ್ತು ನಿಮಗೆ ಬೇಕು, ಆ ಹೊತ್ತಿನಲ್ಲಿ ಹೊಳೆ ದಾಟಬೇಕೋ ಬೇಡವೋ ಎಂಬುದು ಗೊತ್ತಾದರೆ ರೂಮು ಎಲ್ಲಿ ಎಂಬುದು ಅರ್ಧ ತೀರ್ಮಾನವಾದಂತೆ.

ಹೊಳೆ ಎಂದರೆ ಅಹಮದಾಬಾದಿಗೆ ಸಾಬರಮತಿ. 1411ರಲ್ಲಿ ಸುಲ್ತಾನ ಅಹಮದ್ ಷಾ ಕಟ್ಟಿಸಿದ ಊರು ಅದರ ಪೂರ್ವ ದಂಡೆಯಲ್ಲಿತ್ತು. ಭದ್ರ ಕೋಟೆ, ತೀನ್ ದರವಾಜಾ, 1424ರಲ್ಲಿ ಮುಗಿದ ಜಾಮಾ ಮಸೀದಿ ಎಲ್ಲವೂ ಆ ಕಡೆಗೇ. ರೈಲು ಬಂದಾಗ ಸ್ಟೇಷನ್ನೂ ಆ ಕಡೆಯ ಕಾಲುಪುರಕ್ಕೇ ಬಂತು. ಪಶ್ಚಿಮ ದಡ ಊರಾದದ್ದು ತೀರಾ ಈಚೆಗೆ. ಮೊದಲ ಸೇತುವೆಯನ್ನು 1875ರ ಪ್ರವಾಹ ಕೊಚ್ಚಿಕೊಂಡು ಹೋಗಿ, 1892ರಲ್ಲಿ ಉಕ್ಕಿನ ಎಲ್ಲಿಸ್ ಬ್ರಿಜ್ ನಿಂತ ಮೇಲೆ ಆಚೆ ದಡದಲ್ಲಿ ಬಂಗಲೆಗಳು ಎದ್ದವು. ಆಮೇಲೆ ಆಶ್ರಮ ರಸ್ತೆ, ನವರಂಗಪುರ, ವಸ್ತ್ರಾಪುರ, ಸ್ಯಾಟಲೈಟ್ ಎನ್ನುತ್ತ ಊರು ಪಶ್ಚಿಮಕ್ಕೆ ಸರಿಯುತ್ತಲೇ ಹೋಗಿ ಈಗ ಎಸ್.ಜಿ. ಹೆದ್ದಾರಿಯನ್ನೂ ದಾಟಿದೆ. ಫೋನಿನಲ್ಲಿ ಚೆಂದದ ಚಿತ್ರ, ಈಜುಕೊಳ, ಬೆಳಗಿನ ಉಪಾಹಾರ ಎಲ್ಲ ತೋರಿಸುವ ಹೊಸ ಹೋಟೆಲುಗಳು ಬಹುಪಾಲು ಈ ಹೆದ್ದಾರಿಯ ಆಸುಪಾಸಿನವು. ಮೊದಲ ಸಲ ಊರು ನೋಡಲು ಬಂದವರು ಎಡವುವುದೂ ಅಲ್ಲೇ. ಬಂದದ್ದು ಹಳೇ ಊರು ನೋಡಲು, ಮಲಗುವುದು ಹೆದ್ದಾರಿಯ ಪಕ್ಕ. ನಡುವೆ ಒಂದು ಇಡೀ ಮಹಾನಗರ, ಅದರ ಸಂಜೆಯ ಟ್ರಾಫಿಕ್ಕು.

ಹಾಗಾದರೆ ಹಳೇ ಊರಿನೊಳಗೇ ಉಳಿಯಬಹುದೇ? ಧಾರಾಳವಾಗಿ. 2017ರ ಜುಲೈನಲ್ಲಿ ಯುನೆಸ್ಕೊ ಅಹಮದಾಬಾದಿನ ಕೋಟೆಯೊಳಗಿನ ಭಾಗವನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಭಾರತದಲ್ಲಿ ಆ ಪಟ್ಟ ಸಿಕ್ಕಿದ ಮೊದಲ ನಗರ ಅದು. ಅಲ್ಲಿಂದೀಚೆಗೆ ಪಾಳು ಬೀಳುತ್ತಿದ್ದ ಕೆಲವು ಹವೇಲಿಗಳು ರಿಪೇರಿಯಾಗಿ ಅತಿಥಿಗೃಹಗಳಾಗಿವೆ. ಖಾಡಿಯಾ ಕಡೆಯ ಫ್ರೆಂಚ್ ಹವೇಲಿ ಅಂಥದ್ದು. ಲಾಲ್ ದರವಾಜಾದಲ್ಲಿ, 1573ರ ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರದ ಎದುರಿಗೇ, 1924ರಲ್ಲಿ ಕಟ್ಟಿದ ಮಂಗಳದಾಸ್ ಗಿರ್ಧರದಾಸರ ಮನೆ ಹೋಟೆಲಾಗಿ ಬಹಳ ಕಾಲವಾಯಿತು.

ಈ ಹಳೇ ಊರಿನ ಜೀವ ಇರುವುದು ಪೋಳುಗಳಲ್ಲಿ. ಸುಮಾರು ಆರುನೂರು ಪೋಳುಗಳಿವೆ ಎನ್ನುತ್ತಾರೆ. ಒಂದು ಜಾತಿಯ, ಕಸುಬಿನ ಅಥವಾ ಮತದ ಕುಟುಂಬಗಳು ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ಬಾಯಿಗೊಂದು ಬಾಗಿಲಿಟ್ಟುಕೊಂಡ ಗಲ್ಲಿ ಅದು. ಬಾಗಿಲ ಮೇಲೆ ಕಾವಲುಗಾರನಿಗೊಂದು ಕೋಣೆ. ಪಕ್ಕದ ಗೋಡೆಯಲ್ಲೊಂದು ಕರಿಹಲಗೆ: ಯಾರ ಮನೆಯಲ್ಲಿ ಸಾವು, ಯಾವಾಗ ಸಭೆ, ಎಲ್ಲವೂ ಅಲ್ಲಿ ಸೀಮೆಸುಣ್ಣದಲ್ಲಿ. ಒಳಗೆ ಕಾಲಿಟ್ಟರೆ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ. ಮನೆಯ ಮುಂದೆ ಜಗಲಿ, ನಡುವೆ ಬೆಳಕು ಬೀಳುವ ಚೌಕ, ಚೌಕದ ಅಡಿಯಲ್ಲಿ ಮಳೆನೀರು ಕೂಡಿಡುವ ಟಾಂಕಾ. ಎರಡು ಮಹಡಿಯ ಮರದ ಮನೆಗಳು ಎದುರುಬದುರು ಬಾಗಿ ನಿಂತಿರುವುದರಿಂದ ನೆತ್ತಿಯ ಮೇಲಿನ ಬಿಸಿಲು ನೆಲಕ್ಕೆ ಇಳಿಯುವುದು ಸ್ವಲ್ಪ ಹೊತ್ತು ಮಾತ್ರ. 2016ರ ಮೇ 20ರಂದು 48 ಡಿಗ್ರಿ ಕಂಡ ಊರಿಗೆ ಇದು ಸಣ್ಣ ಉಪಕಾರವಲ್ಲ.

ಇದನ್ನೆಲ್ಲ ಓದಿ ತಕ್ಷಣ ಬುಕ್ ಮಾಡುವ ಮುನ್ನ ಸೂಟ್‌ಕೇಸಿನ ಕಡೆ ಒಮ್ಮೆ ನೋಡಬೇಕು. ರಿಕ್ಷಾ ಪೋಳಿನ ಬಾಯಿಯವರೆಗೆ ಬರುತ್ತದೆ, ಮುಂದಕ್ಕಿಲ್ಲ. ಅಲ್ಲಿಂದ ಸ್ಕೂಟರುಗಳ, ಮಲಗಿದ ದನಗಳ ನಡುವೆ ಸಾಮಾನು ಎಳೆದುಕೊಂಡು ಹೋಗುವುದು ಅತಿಥಿಯ ಪಾಡು. ಹಳೇ ಮನೆಯ ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಹಗ್ಗ ಇಳಿಬಿಟ್ಟಿರುವುದೂ ಉಂಟು. ಮಂಡಿನೋವಿನ ಅತ್ತೆಯವರನ್ನು ಕರೆದುಕೊಂಡು ಹೋದವರಿಗೆ ಪರಂಪರೆಯ ಸೊಗಸು ಎರಡನೇ ದಿನಕ್ಕೆ ಇಳಿದುಹೋಗುತ್ತದೆ. ಜೈನರ, ವೈಷ್ಣವರ ಪೋಳುಗಳಲ್ಲಿ ಮಾಂಸ, ಮೊಟ್ಟೆ ಒಳಗೆ ತರುವುದನ್ನು ಯಾರೂ ಸಹಿಸುವುದಿಲ್ಲ; ಊಟಕ್ಕೆ ಅವು ಇರಲೇಬೇಕು ಎನ್ನುವವರಿಗೆ ತೀನ್ ದರವಾಜಾದ ಬಳಿಯ ಭಟಿಯಾರ್ ಗಲಿ ಕಾಲ್ನಡಿಗೆಯ ದೂರದಲ್ಲೇ ಇದೆ.

ಇಷ್ಟೆಲ್ಲ ತೊಡಕಿದ್ದರೂ ಹಳೇ ಊರನ್ನೇ ಆರಿಸಿಕೊಳ್ಳಲು ಬಲವಾದ ಕಾರಣ ಮಾಣೇಕ್ ಚೌಕ್. ಅದು ದಿನಕ್ಕೆ ಮೂರು ಪಾಳಿಯಲ್ಲಿ ದುಡಿಯುವ ಚೌಕ. ಬೆಳಿಗ್ಗೆ ತರಕಾರಿ ಮತ್ತು ದನಗಳ ಹುಲ್ಲು, ಹಗಲಿಗೆ ಚಿನ್ನಬೆಳ್ಳಿಯ ವ್ಯಾಪಾರ, ರಾತ್ರಿ ಚಿನಿವಾರರು ಬಾಗಿಲು ಹಾಕಿದ ಮೇಲೆ ಅದೇ ಜಾಗದಲ್ಲಿ ತಿಂಡಿ ಗಾಡಿಗಳು. ಪಾವ್‌ಭಾಜಿಗೆ ಬೆಣ್ಣೆ ಸುರಿಯುವುದನ್ನು ನೋಡುತ್ತ ನಿಲ್ಲುವುದಕ್ಕೇ ಒಂದು ರುಚಿಯಿದೆ. ಅನಾನಸ್ ಸ್ಯಾಂಡ್‌ವಿಚ್, ಚಾಕೊಲೇಟ್ ಸ್ಯಾಂಡ್‌ವಿಚ್, ‘ಗ್ವಾಲಿಯಾ ದೋಸೆ’ ಎಲ್ಲ ಉಂಟು. ದಾವಣಗೆರೆಯವರು ಕೊನೆಯದರ ಹೆಸರನ್ನು ನಂಬಿ ಕೂರದಿದ್ದರೆ ಒಳ್ಳೆಯದು. ಈ ಮೂರನೇ ಪಾಳಿ ಮಧ್ಯರಾತ್ರಿ ದಾಟಿಯೂ ನಡೆಯುತ್ತದೆ. ಮೆಟ್ರೊ ಅಷ್ಟು ಹೊತ್ತಿಗೆ ಮಲಗಿರುತ್ತದೆ. ಹತ್ತಿರದಲ್ಲಿ ರೂಮಿದ್ದವರು ನಡೆದು ಹೋಗುತ್ತಾರೆ, ಪಶ್ಚಿಮದ ಅಂಚಿನ ಬೋಪಲ್‌ನಲ್ಲಿ ರೂಮು ಮಾಡಿದವರು ರಿಕ್ಷಾದವನ ಜತೆ ಚೌಕಾಸಿಗೆ ನಿಲ್ಲುತ್ತಾರೆ. ಬೆಳಗಿನ ಪಾಳಿಯೂ ಹಾಗೆಯೇ. ಮಹಾನಗರಪಾಲಿಕೆ 1997ರ ನವೆಂಬರ್ 19ರಿಂದ ನಡೆಸುತ್ತಿರುವ ಪರಂಪರೆ ನಡಿಗೆ ಬೆಳಿಗ್ಗೆ ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಹೊರಟು ಪೋಳಿನಿಂದ ಪೋಳಿಗೆ ನುಸುಳುತ್ತ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಅದಕ್ಕೆ ಸಮಯಕ್ಕೆ ಸರಿಯಾಗಿ ಹೋಗಬೇಕಾದರೂ ಪೂರ್ವ ದಡವೇ ವಾಸಿ.

ಮಕ್ಕಳು, ಮುದುಕರು, ನಾಲ್ಕು ಬ್ಯಾಗು ಇರುವ ಸಂಸಾರಕ್ಕೆ ನವರಂಗಪುರ, ಸಿ.ಜಿ. ರಸ್ತೆ, ಲಾ ಗಾರ್ಡನ್ ಸುತ್ತಮುತ್ತ ಸರಿಹೋಗುತ್ತದೆ. ಹೊಳೆ ಹತ್ತಿರ, ಆಸ್ಪತ್ರೆ ಹತ್ತಿರ, ಲಾ ಗಾರ್ಡನ್ನಿನ ಬೀದಿಯಲ್ಲಿ ಕನ್ನಡಿ ಕೆಲಸದ ಚಣಿಯಾ ಚೋಳಿ. 2022ರ ಸೆಪ್ಟೆಂಬರ್ 30ರಂದು ಪ್ರಧಾನಿ ಉದ್ಘಾಟಿಸಿದ ಮೆಟ್ರೊ ಈ ಭಾಗದ ಬೆಲೆಯನ್ನೇ ಬದಲಿಸಿತು. ಪೂರ್ವ–ಪಶ್ಚಿಮ ಮಾರ್ಗ ಥಲತೇಜ್ ಕಡೆಯಿಂದ ಬಂದು ಹೊಳೆ ದಾಟಿ ಶಾಹಪುರ, ಘೀಕಾಂಟಾ, ಕಾಲುಪುರಗಳ ಕೆಳಗೆ ಸುರಂಗದಲ್ಲಿ ಹಾಯುತ್ತದೆ. ಉತ್ತರ–ದಕ್ಷಿಣ ಮಾರ್ಗ ಓಲ್ಡ್ ಹೈಕೋರ್ಟ್ ನಿಲ್ದಾಣದಲ್ಲಿ ಅದನ್ನು ಕೂಡಿ ಮೊಟೇರಾಕ್ಕೆ ಹೋಗುತ್ತದೆ, 2024ರಿಂದ ಗಾಂಧಿನಗರದ ಕಡೆಗೂ ಚಾಚಿದೆ. ಹಾಗಾಗಿ ಪಶ್ಚಿಮದಲ್ಲಿ ಉಳಿಯುವವರು ಹೋಟೆಲಿನ ನಕ್ಷತ್ರ ಎಣಿಸುವುದಕ್ಕಿಂತ ಮೆಟ್ರೊ ಕಂಬ ಎಷ್ಟು ದೂರವೆಂದು ನೋಡುವುದು ಜಾಣತನ. ಎಸ್.ಜಿ. ಹೆದ್ದಾರಿ, ಪ್ರಹ್ಲಾದನಗರ, ಸಿಂಧುಭವನ ರಸ್ತೆಗಳು ಅಲ್ಲಿ ಆಫೀಸು ಕೆಲಸ ಇರುವವರಿಗೆ, ಮದುವೆಗೆ ಬಂದವರಿಗೆ. ಉಳಿದವರಿಗೆ ಅಲ್ಲಿ ಕಾಣುವುದು ಗಾಜಿನ ಕಟ್ಟಡಗಳು. ಅವನ್ನು ನೋಡಲು ವೈಟ್‌ಫೀಲ್ಡ್ ಸಾಕು.

ಕ್ರಿಕೆಟಿಗಾಗಿ ಬರುವವರಿಗೆ ಒಂದು ಎಚ್ಚರಿಕೆ. 1,32,000 ಜನ ಹಿಡಿಯುವ ಕ್ರೀಡಾಂಗಣ ಇರುವುದು ಊರಿನ ಉತ್ತರ ತುದಿಯ ಮೊಟೇರಾದಲ್ಲಿ. 2021ರ ಫೆಬ್ರವರಿವರೆಗೆ ಅದಕ್ಕೆ ಸರ್ದಾರ್ ಪಟೇಲರ ಹೆಸರಿತ್ತು. ನವರಂಗಪುರದಲ್ಲಿ ಅದೇ ಹೆಸರಿನ ಹಳೆಯ ಮೈದಾನವೊಂದಿದೆ. ಭಾರತದ ನೆಲದಲ್ಲಿ ಮೊದಲ ಏಕದಿನ ಪಂದ್ಯ, 1981ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ, ನಡೆದದ್ದು ಅಲ್ಲಿ. ಅದರ ಪಕ್ಕದ ಮೆಟ್ರೊ ನಿಲ್ದಾಣದ ಹೆಸರಲ್ಲೂ ‘ಸ್ಟೇಡಿಯಂ’ ಇದೆ. ಹೆಸರು ನೋಡಿ ರೂಮು ಹಿಡಿದವರಿಗೆ ಪಂದ್ಯದ ದಿನ ಗೊತ್ತಾಗುವುದು ಮೈದಾನ ಬೇರೆ ಎಂದು. 2023ರ ವಿಶ್ವಕಪ್ಪಿನಲ್ಲಿ ಭಾರತ–ಪಾಕಿಸ್ತಾನ ಪಂದ್ಯ ಮೊಟೇರಾಕ್ಕೆ ಗೊತ್ತಾದಾಗ ರೂಮಿನ ಬಾಡಿಗೆ ಎಷ್ಟು ಏರಿತೆಂದರೆ, ಕೆಲವರು ಆಸ್ಪತ್ರೆಗಳಿಗೆ ಫೋನ್ ಮಾಡಿ ಒಂದು ರಾತ್ರಿಯ ‘ಪೂರ್ತಿ ದೇಹ ತಪಾಸಣೆ’ಗೆ ಹಾಸಿಗೆ ಸಿಗುವುದೇ ಎಂದು ವಿಚಾರಿಸಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಅಂಥ ದಿನಗಳಲ್ಲಿ ವಡೋದರಾದಲ್ಲೋ ಆನಂದದಲ್ಲೋ ಉಳಿದು ರೈಲಿನಲ್ಲಿ ಬಂದು ಹೋಗುವುದೇ ಲೇಸು.

ಬಡಾವಣೆ ಆರಿಸುವ ಕಷ್ಟ ದೊಡ್ಡವರಿಗೂ ತಪ್ಪಿರಲಿಲ್ಲ. ದಕ್ಷಿಣ ಆಫ್ರಿಕಾದಿಂದ ಬಂದ ಗಾಂಧೀಜಿ 1915ರ ಮೇ 25ರಂದು ಅಹಮದಾಬಾದಿನ ಕೋಚರಬ್‌ನಲ್ಲಿ ಬ್ಯಾರಿಸ್ಟರ್ ಜೀವಣಲಾಲ್ ದೇಸಾಯಿ ಅವರ ಬಂಗಲೆಯಲ್ಲಿ ಆಶ್ರಮ ಹೂಡಿದರು. ಊರು ಆರಿಸಿದ್ದಕ್ಕೆ ಅವರ ಬಳಿ ಕಾರಣಗಳಿದ್ದವು: ಗುಜರಾತಿ ಮಾತು, ಕೈಮಗ್ಗದ ಹಿನ್ನೆಲೆ, ದಾನ ಕೊಡಬಲ್ಲ ಸಾಹುಕಾರರು. ದೂದಾಭಾಯಿ ಎಂಬ ‘ಅಸ್ಪೃಶ್ಯ’ ಶಿಕ್ಷಕರ ಸಂಸಾರವನ್ನು ಒಳಗೆ ಸೇರಿಸಿಕೊಂಡೊಡನೆ ಆ ದಾನ ನಿಂತಿತು. ಬಾವಿಯಲ್ಲಿ ನೀರು ಸೇದುವಾಗ ಬೈಗುಳ ಸುರುವಾಯಿತು. ಕಾರಿನಲ್ಲಿ ಬಂದ ಗಿರಣಿ ಮಾಲೀಕರೊಬ್ಬರು ಹೆಸರು ಹೇಳದೆ 13,000 ರೂಪಾಯಿ ಕೊಟ್ಟು ಹೋದದ್ದರಿಂದ ಆಶ್ರಮ ಉಳಿಯಿತು. ಮುಂದೆ ಕೋಚರಬ್‌ಗೆ ಪ್ಲೇಗ್ ಬಂತು. 1917ರ ಜೂನ್‌ನಲ್ಲಿ ಆಶ್ರಮ ಸಾಬರಮತಿ ತೀರಕ್ಕೆ ಸರಿಯಿತು. ಹೊಸ ಜಾಗದ ಹತ್ತಿರ ಸೆರೆಮನೆ ಇದ್ದದ್ದು ಗಾಂಧೀಜಿಗೆ ವಿಶೇಷವಾಗಿ ಹಿಡಿಸಿತು; ಸತ್ಯಾಗ್ರಹಿಗೆ ಅದು ಅನುಕೂಲ ಎಂಬ ಲೆಕ್ಕ ಅವರದು.

ಅದೇ 1917ರಲ್ಲಿ, ಸುಮಾರು 110 ಕಿಲೋಮೀಟರ್ ಆಚೆಯ ಬರೋಡಾದಲ್ಲಿ, ಅಂದರೆ ಇಂದಿನ ವಡೋದರಾದಲ್ಲಿ, ಇನ್ನೊಬ್ಬರು ರೂಮು ಹುಡುಕುತ್ತಿದ್ದರು. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಒಪ್ಪಂದದಂತೆ ಸಂಸ್ಥಾನದ ಕೆಲಸಕ್ಕೆ ಸೇರಲು ಬಂದ ಭೀಮರಾವ್ ಅಂಬೇಡ್ಕರ್. ಹಿಂದೂ ಖಾನಾವಳಿಗಳು ಜಾತಿ ತಿಳಿದರೆ ಸೇರಿಸುತ್ತಿರಲಿಲ್ಲ. ಕೊನೆಗೆ ಪಾರ್ಸಿಗಳ ತಂಗುಮನೆಯೊಂದರಲ್ಲಿ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ, ಮಹಡಿಯಲ್ಲಿ ಜಾಗ ಪಡೆದರು. ಮುರಿದ ಕುರ್ಚಿ, ಬೆಂಚುಗಳ ರಾಶಿ, ಬಾವಲಿಗಳು, ಒಂದು ಲಾಟೀನು. ಹನ್ನೊಂದನೇ ದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಹನ್ನೆರಡು ಮಂದಿ ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡೆಂದು ಬೆದರಿಸಿದರು. ಊರಿನಲ್ಲಿದ್ದ ಇಬ್ಬರು ಗೆಳೆಯರ ಮನೆಯಲ್ಲೂ ಜಾಗವಾಗಲಿಲ್ಲ. ಮುಂಬಯಿ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಅಂಬೇಡ್ಕರ್ ಹೋಗಿ ಕೂತದ್ದು ಕಮಾಟಿಬಾಗ್ ಉದ್ಯಾನದಲ್ಲಿ. ಈ ಪ್ರಸಂಗವನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಉದ್ಯಾನದಲ್ಲಿ ಅವರು ಕೂತಿದ್ದ ಜಾಗ ಇಂದು ಸಂಕಲ್ಪ ಭೂಮಿ.

ಅಂಗಡಿ, ಊಟದ ಮನೆ, ಹೋಟೆಲುಗಳಲ್ಲಿ ಜಾತಿ, ಧರ್ಮ ನೋಡಿ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ ಹೆಸರಿಟ್ಟು ಹೇಳುತ್ತದೆ. ಕರಡು ಸಮಿತಿಯ ಅಧ್ಯಕ್ಷರು ಯಾರೆಂಬುದು ನೆನಪಿದ್ದರೆ ಆ ಪಟ್ಟಿಯಲ್ಲಿ ಹೋಟೆಲು ಯಾಕೆ ಬಂತೆಂದು ಬೇರೆ ಹೇಳಬೇಕಿಲ್ಲ. ಮನೆ ಕೊಳ್ಳುವವರ ಮಾತು ಮಾತ್ರ ಬೇರೆ. ಈ ಮೂರೂ ನಗರಗಳ ಹಲವು ಬಡಾವಣೆಗಳು 1991ರ ‘ಅಶಾಂತ ಪ್ರದೇಶ’ ಕಾಯ್ದೆಯಡಿ ಬರುತ್ತವೆ. ಅಲ್ಲಿ ಸ್ಥಿರಾಸ್ತಿ ಕೈಬದಲಾಗಲು ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಪ್ರವಾಸಿಗೆ ಇದರಿಂದ ನೇರ ತೊಂದರೆಯಿಲ್ಲ. ಆದರೆ ಒಂದು ರಸ್ತೆ ದಾಟಿದರೆ ಅಂಗಡಿ ಬೋರ್ಡುಗಳ ಹೆಸರು, ತಿಂಡಿಯ ವಾಸನೆ, ಬೀದಿಯ ಸದ್ದು ಒಮ್ಮೆಗೇ ಬದಲಾಗುವುದು ಯಾಕೆಂದು ಕೇಳುವವರಿಗೆ ಉತ್ತರದ ಒಂದು ಪಾಲು ಇಲ್ಲಿದೆ.

ವಡೋದರಾದಲ್ಲಿ ಇಂದು ರೂಮು ಹುಡುಕುವುದು ಮೂರೂ ಊರುಗಳಲ್ಲಿ ಅತ್ಯಂತ ಸುಲಭ. ರೈಲು ಸ್ಟೇಷನ್ ಊರಿನ ನಡುವೆಯೇ ಇದೆ. ಪೂರ್ವಕ್ಕೆ ಸಯಾಜಿಗಂಜ್, ಪಶ್ಚಿಮಕ್ಕೆ ಅಲ್ಕಾಪುರಿ. ಸಯಾಜಿಗಂಜ್‌ನಲ್ಲಿ ಮಧ್ಯಮ ದರದ ಲಾಡ್ಜುಗಳು, ವಿಶ್ವವಿದ್ಯಾಲಯದ ಹುಡುಗರು, ಐದು ನಿಮಿಷಕ್ಕೆ ಕಮಾಟಿಬಾಗ್, ಅದರೊಳಗೆ 1894ರ ಮ್ಯೂಸಿಯಂ. ಅಲ್ಕಾಪುರಿ ನೆರಳಿನ ರಸ್ತೆಗಳ, ದೊಡ್ಡ ಹೋಟೆಲುಗಳ ಕಡೆ. ಅಲ್ಲಿನ ಮುಖ್ಯ ಬೀದಿಗಿರುವುದು ಬರೋಡಾದ ದಿವಾನರಾಗಿದ್ದ ಇತಿಹಾಸಕಾರ ರಮೇಶಚಂದ್ರ ದತ್ತರ ಹೆಸರು. ಎರಡೂ ಬಡಾವಣೆಗಳು ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ನಡುವೆ ಹಳಿ ಇದೆ, ಹಳಿಯ ಅಡಿಯಲ್ಲಿ ‘ಗರನಾಳಾ’ ಎಂದು ಕರೆಯುವ ಕೆಳಸೇತುವೆ ಇದೆ, ಜೋರು ಮಳೆ ಬಂದರೆ ಅದರಲ್ಲಿ ನೀರು ನಿಂತು ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಬೆಳಗಿನ ರೈಲು ಹಿಡಿಯಬೇಕಾದವರು ಈ ಒಂದು ವಿವರ ತಿಳಿದಿದ್ದರೆ ಸಾಕು.

ಮಳೆಯ ಮಾತು ಬಂದಾಗ ವಿಶ್ವಾಮಿತ್ರಿಯನ್ನು ಬಿಡುವಂತಿಲ್ಲ. ಊರ ನಡುವೆ ಸೊಟ್ಟಸೊಟ್ಟಗೆ ಹರಿಯುವ ಈ ಸಣ್ಣ ಹೊಳೆಯಲ್ಲಿ ಮೊಸಳೆಗಳು ವಾಸವಾಗಿವೆ. 2024ರ ಆಗಸ್ಟ್ ಕೊನೆಯಲ್ಲಿ ನೀರು 25 ಅಡಿಯ ಅಪಾಯಮಟ್ಟ ಮೀರಿ 35 ಅಡಿಗಿಂತಲೂ ಮೇಲೇರಿತು. ಸಮಾ, ಅಕೋಟಾ, ಮುಜಮಹುಡಾ ಕಡೆಯ ಮನೆಗಳಲ್ಲಿ ನೀರು ನಿಂತಿತು, ಬೀದಿಗೆ ಬಂದ ಮೊಸಳೆಗಳನ್ನು ಹಿಡಿದು ಸಾಗಿಸಬೇಕಾಯಿತು. ಜುಲೈ–ಆಗಸ್ಟಿನಲ್ಲಿ ಹೋಗುವವರು ‘ನದಿನೋಟ’ದ ಕೋಣೆಗೆ ಹೆಚ್ಚು ದುಡ್ಡು ಕೊಡದಿದ್ದರೆ ನಷ್ಟವೇನಿಲ್ಲ.

ವಡೋದರಾವನ್ನು ಬೆಳಿಗ್ಗೆ ಬಂದು ಸಂಜೆ ಹೋಗುವ ಊರೆಂದು ಹಲವರು ತಳ್ಳಿಹಾಕುತ್ತಾರೆ. ಲಕ್ಷ್ಮೀ ವಿಲಾಸ ಅರಮನೆ ನೋಡಿದರೆ ಮುಗಿಯಿತು ಎನ್ನುವವರಿಗೆ ಅದು ಸರಿ. ಮೈಸೂರಿನಂತೆ ಮಾದರಿ ಸಂಸ್ಥಾನ ಎನಿಸಿಕೊಂಡಿದ್ದ ಊರಿನ ಕೀರ್ತಿ ಮಂದಿರದಲ್ಲಿ ನಂದಲಾಲ್ ಬೋಸರ ಭಿತ್ತಿಚಿತ್ರಗಳಿವೆ, ಹಳೇ ಊರಿನ ತಾಂಬೇಕರ್ ವಾಡೆಯ ಗೋಡೆಗಳ ತುಂಬ ಹತ್ತೊಂಬತ್ತನೇ ಶತಮಾನದ ಬಣ್ಣ. ಇವಕ್ಕೆ ಒಂದು ದಿನ. ಯುನೆಸ್ಕೊ 2004ರಲ್ಲಿ ಪಟ್ಟಿಗೆ ಸೇರಿಸಿದ ಚಾಂಪಾನೇರ್–ಪಾವಾಗಢ ಸುಮಾರು 50 ಕಿಲೋಮೀಟರ್, ಅದಕ್ಕೆ ಇನ್ನೊಂದು. 182 ಮೀಟರಿನ ಏಕತಾ ಪ್ರತಿಮೆ ಸುಮಾರು 90 ಕಿಲೋಮೀಟರ್; ಸಂಜೆಯ ಲೇಸರ್ ಪ್ರದರ್ಶನ ನೋಡಿ ಅಹಮದಾಬಾದಿಗೆ ಮರಳುವುದೆಂದರೆ ನಡುರಾತ್ರಿ. ಪ್ರತಿಮೆಗೆ ಸೋಮವಾರ ರಜೆ ಎಂಬುದನ್ನು ಮರೆತು ಬಂದವರು ಸಯಾಜಿಗಂಜ್‌ನಲ್ಲಿ ಆ ದಿನ ಕಳೆಯುತ್ತಾರೆ. ನವರಾತ್ರಿಯಲ್ಲಂತೂ ಲೆಕ್ಕವೇ ಬೇರೆ. ಸಾವಿರಾರು ಜನ ಒಂದೇ ಮೈದಾನದಲ್ಲಿ ಸುತ್ತು ಕಟ್ಟಿ ಆಡುವ ಬರೋಡಾದ ಗರ್ಬಾ ಮಧ್ಯರಾತ್ರಿಯ ಹೊತ್ತಿಗೆ ಬಿಡುತ್ತದೆ, ಎಲ್ಲರೂ ಒಮ್ಮೆಗೇ ರಿಕ್ಷಾ ಹುಡುಕುತ್ತಾರೆ. ಆ ಒಂಬತ್ತು ರಾತ್ರಿ ರೂಮು ಇರಬೇಕಾದದ್ದು ಮೈದಾನದ ಹತ್ತಿರ, ಸ್ಟೇಷನ್ನಿನ ಹತ್ತಿರವಲ್ಲ.

ಇನ್ನು ಸೂರತ್. ಮೂರರಲ್ಲಿ ಕಡಲಿಗೆ ಹತ್ತಿರವಿರುವುದು ಇದೊಂದೇ. ಸಮುದ್ರದ ಊರುಗಳಲ್ಲಿ ಬಡಾವಣೆ ಆರಿಸುವ ವಾಡಿಕೆ ಒಂದಿದೆ. ಮೆಕ್ಸಿಕೋದ ಮಸಾತ್ಲಾನ್‌ಗೆ ಹೋದವರು ಹಳೇ ಊರೋ, ಹೋಟೆಲುಗಳು ಸಾಲುಗಟ್ಟಿದ ‘ಚಿನ್ನದ ವಲಯ’ವೋ ಎಂದು ಯೋಚಿಸುತ್ತಾರೆ, ಎರಡರ ಬಾಗಿಲಲ್ಲೂ ಕಡಲು. ಸೂರತ್ತಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಊರು ನಿಂತಿರುವುದು ತಾಪಿ ನದಿಯ ಮೇಲೆ. ಕಡಲು ಇರುವುದು ವಿಮಾನ ನಿಲ್ದಾಣವನ್ನೂ ದಾಟಿ ಡುಮಸ್‌ನಲ್ಲಿ. ಮಲ್ಪೆ, ಮುರ್ಡೇಶ್ವರ ಕಂಡವರು ಅಲ್ಲಿಗೆ ಈಜುವ ಆಸೆಯಿಂದ ಹೋಗಬಾರದು. ಕಪ್ಪು ಮರಳು, ಕೆಸರು, ಖಂಭಾತ್ ಕೊಲ್ಲಿಯ ಜೋರು ಉಬ್ಬರವಿಳಿತ. ಸೂರತ್ತಿನವರು ಸಂಜೆ ಅಲ್ಲಿಗೆ ಹೋಗುವುದು ಟೊಮೆಟೊ ಭಜಿಯಾ ತಿನ್ನಲು, ಒಂದೆರಡು ದೆವ್ವದ ಕತೆ ಹೇಳಲು.

ಸೂರತ್ತಿಗೆ ಜನ ಬರುವುದು ಕೆಲಸಕ್ಕೆ. ಕೆಲಸ ಯಾವುದೋ ಬಡಾವಣೆ ಅದು. ಸೀರೆ, ಡ್ರೆಸ್ ಬಟ್ಟೆಯ ವ್ಯಾಪಾರಿಗೆ ರಿಂಗ್ ರೋಡ್, ಸಹಾರಾ ದರವಾಜಾ, ಸಲಾಬತ್‌ಪುರಾ. ಈ ಕಡೆಯ ಲಾಡ್ಜುಗಳಿಗೆ ಚೆಲುವಿಲ್ಲ, ಕಿಟಕಿ ತೆರೆದರೆ ಟೆಂಪೊ ಹಾರ್ನು. ಆದರೂ ಸ್ಟೇಷನ್ ಹತ್ತಿರ, ಮಾರ್ಕೆಟ್ ಹತ್ತಿರ, ಬಟ್ಟೆಯ ಸ್ಯಾಂಪಲ್ ತಂದು ಮಂಚದ ಮೇಲೆ ಹರಡಿ ಮತ್ತೆ ಹೋಗಿ ಬದಲಿಸಿ ಬರಬಹುದು. ಭಾನುವಾರ ಮಾರ್ಕೆಟ್ ಮುಚ್ಚಿರುತ್ತದೆ. ಮೆಟ್ರೊ ಕಾಮಗಾರಿ ಶುರುವಾದಂದಿನಿಂದ ಊರಿನ ಹಲವು ರಸ್ತೆಗಳು ಅಗೆದು ಕೂತಿರುವುದರಿಂದ ಎರಡು ಕಿಲೋಮೀಟರನ್ನೂ ಇಲ್ಲಿ ಹಗುರವಾಗಿ ಎಣಿಸುವಂತಿಲ್ಲ.

ವಜ್ರದ ಕಡೆಯವರದು ಮಹಿಧರಪುರಾ ಮತ್ತು ವರಾಛಾ. ಮಹಿಧರಪುರಾದ ಬೀದಿಯಲ್ಲಿ ಮಧ್ಯಾಹ್ನ ನಿಂತು ನೋಡಬೇಕು. ದಲಾಲಿಗಳು ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡು, ‘ಪಡಿಕು’ ಎನ್ನುವ ಮಡಿಸಿದ ಕಾಗದದ ಪೊಟ್ಟಣ ಬಿಚ್ಚುತ್ತಾರೆ. ಒಳಗೆ ಸಣ್ಣ ಸಣ್ಣ ಹರಳು. ಒಬ್ಬ ಕಣ್ಣಿಗೆ ಭೂತಗನ್ನಡಿ ಒತ್ತಿ ಒಂದೊಂದನ್ನೇ ಚಿಮಟದಲ್ಲಿ ಎತ್ತಿ ನೋಡುತ್ತಾನೆ, ಪಕ್ಕದಲ್ಲಿ ದನ ಹಾದುಹೋಗುತ್ತದೆ, ಯಾರೂ ಗಾಬರಿಯಾಗುವುದಿಲ್ಲ. ಈ ವ್ಯಾಪಾರವನ್ನೆಲ್ಲ ಒಂದೇ ಸೂರಿನಡಿ ತರಲೆಂದು ಊರ ದಕ್ಷಿಣದ ಖಜೋದ್‌ನಲ್ಲಿ ಕಟ್ಟಿದ ಸೂರತ್ ಡೈಮಂಡ್ ಬೋರ್ಸ್ 2023ರ ಡಿಸೆಂಬರ್ 17ರಂದು ಉದ್ಘಾಟನೆಯಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಆಫೀಸುಗಳ ಆ ಕಟ್ಟಡ ಅಮೆರಿಕದ ಪೆಂಟಗನ್‌ಗಿಂತ ದೊಡ್ಡದು. ವ್ಯಾಪಾರಿಗಳು ಮಾತ್ರ ಹಳೇ ಗಲ್ಲಿ ಬಿಟ್ಟು ಅಷ್ಟು ಬೇಗ ಕದಲಲಿಲ್ಲ. ಹಾಗಾಗಿ ‘ವಜ್ರದ ಕೆಲಸ’ ಎಂದು ಹೋಗುವವರು ತಮ್ಮ ಗಿರಾಕಿ ಎಲ್ಲಿ ಕೂರುತ್ತಾನೆಂದು ಮೊದಲೇ ಕೇಳಿಕೊಳ್ಳಬೇಕು. ಖಜೋದ್ ಎಂದರೆ ವೇಸು, ಡುಮಸ್ ರಸ್ತೆಯ ಹೊಸ ಹೋಟೆಲುಗಳು. ವರಾಛಾ ಎಂದರೆ ಸ್ಟೇಷನ್ನಿನ ಆಚೆ.

ಕೆಲಸವಿಲ್ಲದೆ, ತಿನ್ನಲೆಂದೇ ಬರುವವರೂ ಇದ್ದಾರೆ, ಅವರು ಭಾಗ್ಯವಂತರು. ಲೋಚೊ, ಘಾರಿ, ಚಳಿಗಾಲದ ಎಳೆ ಜೋಳದ ಪೋಂಕ್ ಇವೆಲ್ಲ ಈ ಊರಿನ ಹೆಮ್ಮೆ. 2021ರ ನವೆಂಬರ್‌ನಲ್ಲಿ ಅಹಮದಾಬಾದ್, ವಡೋದರಾಗಳಲ್ಲಿ ರಸ್ತೆ ಬದಿಯ ಮೊಟ್ಟೆ, ಮಾಂಸದ ಗಾಡಿಗಳನ್ನು ಎತ್ತಿಸುವ ಗದ್ದಲ ನಡೆದು, ಅಹಮದಾಬಾದಿನ ಪಾಲಿಕೆಯನ್ನು ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತ್ತು. ಅದೇ ರಾಜ್ಯದ ಸೂರತ್ತಿನಲ್ಲಿ ಮೊಟ್ಟೆಯ ‘ಘೋಟಾಳಾ’ಗಾಗಿ ಜನ ರಾತ್ರಿ ಸಾಲು ನಿಲ್ಲುತ್ತಾರೆ. ತಿಂಡಿಪೋತರು ತಾಪಿ ದಾಟಿ ಅಡಾಜಣ್‌ನಲ್ಲಿ ಉಳಿಯುವುದು ಉತ್ತಮ. ಪಕ್ಕದಲ್ಲೇ ಸೂರತ್ತಿಗಿಂತ ಹಳೆಯ ಬಂದರು ರಾಂದೇರ್. ಅಲ್ಲಿನ ವರ್ತಕರು ಬರ್ಮಾಕ್ಕೆ ಹೋಗಿ ತಂದ ಖೌಸಾ, ಆಲೂಪುರಿ, ರಂಜಾನ್ ತಿಂಗಳಿನ ರಾತ್ರಿ ಬೀದಿ. ಹಳೇ ಕೋಟೆ, ಚೌಕ್ ಬಜಾರ್, ಆಕ್ಸೆಂಡನ್ ಸೋದರರ ಗೋರಿ ಇರುವ ಇಂಗ್ಲಿಷರ ಸ್ಮಶಾನ ನೋಡಬೇಕೆನ್ನುವವರಿಗೂ ಸೇತುವೆ ದಾಟಿದರೆ ಆಯಿತು. 1994ರ ಪ್ಲೇಗಿನ ನೆನಪಿನಲ್ಲಿ ಸೂರತ್ ಎಂದರೆ ಮೂಗು ಮುರಿಯುವ ಹಿರಿಯರಿಗೆ, 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೋರ್ ಜತೆ ಮೊದಲ ಸ್ಥಾನ ಹಂಚಿಕೊಂಡದ್ದು ಇದೇ ಊರು ಎಂದು ಹೇಳಬಹುದು.

ಮೂರೂ ಊರುಗಳಿಗೆ ಹೊಂದುವ ಕೆಲವು ಸಣ್ಣ ಸಂಗತಿಗಳಿವೆ. ಟಿಕೆಟಿನ ಮೇಲೆ ಸ್ಟೇಷನ್ನಿನ ಹೆಸರು ಪೂರ್ತಿ ಓದಬೇಕು. ಅಹಮದಾಬಾದ್ ಎಂದುಕೊಂಡದ್ದು ಸಾಬರಮತಿಯೋ, ಮಣಿನಗರವೋ, ಅಸಾರವಾವೋ ಆಗಿರಬಹುದು. ಸೂರತ್ ಎಂದುಕೊಂಡದ್ದು ಉಧನಾ. ಲಾಡ್ಜಿನವರು ಅತಿಥಿಯ ವಿವರವನ್ನು ಪೊಲೀಸರ ‘ಪಥಿಕ್’ ತಂತ್ರಾಂಶಕ್ಕೆ ಏರಿಸಬೇಕಾದ್ದರಿಂದ ಗುರುತಿನ ಚೀಟಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಪಾನನಿರೋಧ ಇರುವ ರಾಜ್ಯ. ಹೊರರಾಜ್ಯದವರಿಗೆ ಪರವಾನಗಿ ಸಿಗುತ್ತದೆ, ಆದರೆ ಅದಿಲ್ಲದೆ ಚೀಲದಲ್ಲಿ ಬಾಟಲಿ ತಂದರೆ ಯಾವ ಬಡಾವಣೆಯೂ ಕಾಯುವುದಿಲ್ಲ.

ಹಬ್ಬಗಳು ನಕ್ಷೆಯನ್ನೇ ಬದಲಿಸುತ್ತವೆ. ಜನವರಿ 14 ಮತ್ತು 15ರ ಉತ್ತರಾಯಣಕ್ಕೆ ಅಹಮದಾಬಾದಿನ ಪೋಳುಗಳ ತಾರಸಿಗಳು ಗಾಳಿಪಟಕ್ಕಾಗಿ ದಿನದ ಬಾಡಿಗೆಗೆ ಹೋಗುತ್ತವೆ, ವಿದೇಶದಲ್ಲಿರುವವರೂ ಮೊದಲೇ ಕಾದಿರಿಸುತ್ತಾರೆ. ಆ ಎರಡು ದಿನ ಹೆದ್ದಾರಿ ಬದಿಯ ಐಷಾರಾಮಿ ಕೋಣೆಗಿಂತ ಖಾಡಿಯಾದ ಮುರುಕು ತಾರಸಿಗೆ ಬೆಲೆ. ಆಷಾಢ ಶುದ್ಧ ಬಿದಿಗೆಯಂದು, 1878ರಿಂದ ನಡೆದುಬಂದಿರುವ ಜಗನ್ನಾಥ ರಥಯಾತ್ರೆ ಜಮಾಲಪುರದಿಂದ ಹೊರಟು ಹಳೇ ಊರು ಸುತ್ತಿ ಸರಸಪುರದಲ್ಲಿ ಊಟಕ್ಕೆ ನಿಲ್ಲುತ್ತದೆ. ಅದು ದೇವರ ಸೋದರಮಾವನ ಮನೆ ಎಂಬ ನಂಬಿಕೆ. ಅಲ್ಲಿನ ಪೋಳುಗಳಲ್ಲಿ ಬಂದವರಿಗೆಲ್ಲ ಎಲೆ ಹಾಕುತ್ತಾರೆ. ಅಂದು ಹಳೇ ಊರಿನ ಒಳಗಿದ್ದವರು ಹೊರಬರಲಾಗದು, ಹೊರಗಿದ್ದವರು ಒಳಹೋಗಲಾಗದು.

ದೀಪಾವಳಿಯಲ್ಲಿ ಅಗ್ಗದ ರೂಮು ಸಿಕ್ಕಿತೆಂದು ಸೂರತ್ತಿಗೆ ಟಿಕೆಟ್ ಮಾಡುವವರು ಪಂಚಾಂಗ ನೋಡಬೇಕು. ವಜ್ರದ ಕಾರ್ಖಾನೆಗಳು ರಜೆ ಕೊಟ್ಟೊಡನೆ ಕೆಲಸಗಾರರು ಬಸ್ಸು ತುಂಬಿಕೊಂಡು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೊರಡುತ್ತಾರೆ. ಬಟ್ಟೆ ಮಾರ್ಕೆಟ್ಟೂ ಮುಚ್ಚುತ್ತದೆ. ವರಾಛಾದ ರಸ್ತೆಯಲ್ಲಿ ಟೀ ಸಿಗುವುದೂ ಕಷ್ಟ. ಮತ್ತೆ ಶಟರು ಏಳುವುದು ಕಾರ್ತಿಕ ಶುದ್ಧ ಪಂಚಮಿಗೆ, ಅಲ್ಲಿನವರ ಲಾಭಪಂಚಮಿಗೆ. ಅನುಭವಸ್ಥ ವ್ಯಾಪಾರಿ ರಿಂಗ್ ರೋಡಿನಲ್ಲಿ ರೂಮು ಹಿಡಿಯುವುದು ಅದರ ಮಾರನೆಯ ದಿನಕ್ಕೆ.